ಕಟಕಿ ಮುಚ್ಚಿದ ದಾವೆ

ದಾವೆಯಲ್ಲಿ ಬರೆದದ್ದು ನಡೆದಿದೆ. ಬರೆಯದೆ ಬಿಟ್ಟದ್ದು ನಡೆದೇ ಇಲ್ಲ. ಇದು ನ್ಯಾಯಾಲಯದ ಮೂಲ ತತ್ವವಾಗಿದ್ದು, ಇದರಿಂದ ಯಾರಿಗಾದರೂ ತೊಂದರೆಯಾದ ವರದಿ ಈವರೆಗೆ ಬಂದಿರುವುದಿಲ್ಲ. ನಮ್ಮ ವಕೀಲರ ಕಕ್ಷಿದಾರನಾದ ದರ್ಜಿಗೆ ಸ್ವಲ್ಪ ಆಗಿದೆ. ಆದರೆ ಅದು ಅವನ ವಾದಪತ್ರದಲ್ಲಿ ಇಲ್ಲ.

ದರ್ಜಿಯ ಅಂಗಡಿಗೆ ಇದ್ದದ್ದು ಒಂದೇ ಕಿಟಕಿ. ಪಕ್ಕದ ಮನೆಯಲ್ಲಿರುವ ಅವನ ಷಡ್ಡಕ ಅದಕ್ಕೆ ಅಡ್ಡಲಾಗಿ ಗೋಡೆ ಎಬ್ಬಿಸಿದ. ಕತ್ತಲಲ್ಲಿ ಬಲಗಡೆಯ ತೋಳು ಎಡಕ್ಕೆ ಸೇರತೊಡಗಿ, ಗಿರಾಕಿಗಳು ಒಬ್ಬೊಬ್ಬರಾಗಿ ಬೇರೆ ಅಂಗಡಿ ಹಿಡಿದರು. ಕಸುಬೇ ಕೈಬಿಡುವ ಹಾಗಾದಾಗ ದರ್ಜಿ ಕೋರ್ಟಿಗೆ ಬಂದ. ವಾದಪತ್ರ ಬೆರಳಚ್ಚು ಮಾಡಿದವನು ನಾನೇ. ಬಸ್ಸಿನ ಹೊತ್ತಾಗಿತ್ತು, 'ಕಿಟಕಿ'ಯ ಮೊದಲಕ್ಷರದ ಗುಡಿಸು ಬಿಟ್ಟುಹೋಯಿತು. "ಪ್ರತಿವಾದಿಯು ಗೋಡೆ ಕಟ್ಟಿ ವಾದಿಯ ಕಟಕಿಯನ್ನು ಮುಚ್ಚಿರುತ್ತಾನೆ" ಎಂದಾಯಿತು. ಕಟಕಿ ಎಂದರೆ ಚುಚ್ಚುಮಾತೆಂದು ಎಲ್ಲರಿಗೂ ಗೊತ್ತಿದ್ದರಿಂದ ಯಾರೂ ಅರ್ಥ ಕೇಳಲಿಲ್ಲ. ಒಂಬತ್ತು ವರ್ಷ ದಾವೆ ಸುಗಮವಾಗಿ ನಡೆಯಿತು.

ಹತ್ತನೆಯ ವರ್ಷ ದರ್ಜಿ ಸಾಕ್ಷಿಕಟ್ಟೆ ಹತ್ತಿದ.

"ನಿಮ್ಮ ಕಟಕಿ ಯಾವ ಮಾತಿನದು?" ಎಂದರು ಎದುರು ವಕೀಲರು.

"ಮಾತಿಂದಲ್ಲ ಸ್ವಾಮಿ, ಮರದ್ದು. ಎರಡು ಕದ ಇತ್ತು, ಒಂದರ ಚಿಲಕ ಕಿತ್ತಿತ್ತು."

ಅಂದೇ ತಿದ್ದುಪಡಿ ಅರ್ಜಿ ಹಾಕಿದೆವು: ಒಂದು ಗುಡಿಸು ಸೇರಿಸಲು ಅಪ್ಪಣೆಯಾಗಬೇಕು. ವಿಚಾರಣೆ ಶುರುವಾದ ಮೇಲೆ ತಿದ್ದುವುದಾದರೆ, ತಪ್ಪು ಇಷ್ಟು ದಿನ ಕಣ್ಣಿಗೆ ಬೀಳದ್ದಕ್ಕೆ ಕಾರಣ ಕೊಡಬೇಕೆಂಬ ನಿಯಮವಿದೆ.

"ಯಾಕೆ ಓದಿ ನೋಡ್ಲಿಲ್ಲ?" ನ್ಯಾಯಾಧೀಶರು ದರ್ಜಿಯನ್ನು ಕೇಳಿದರು.

"ಓದೋಕೆ ಬೆಳಕಿರ್ಲಿಲ್ಲ ಸ್ವಾಮಿ. ಕಿಟಕಿ ಮುಚ್ಚಿಬಿಟ್ಟಿದಾರೆ."

"ಕಿಟಕಿ ವಿಷಯ ವಾದಪತ್ರದಲ್ಲೇ ಇಲ್ಲ. ಇಲ್ಲದ್ದನ್ನ ಕಾರಣ ಅಂತ ಹೇಳೋ ಹಾಗಿಲ್ಲ."

ಎದುರು ವಕೀಲರೂ ತಕರಾರು ಸಲ್ಲಿಸಿದರು. ತಮ್ಮ ಕಕ್ಷಿದಾರ ಹತ್ತು ವರ್ಷದಿಂದ ಕಟಕಿಗೆ ಸಿದ್ಧನಾಗಿದ್ದಾನೆ, ಈಗ ಏಕಾಏಕಿ ಕಿಟಕಿ ತಂದರೆ ದಾವೆಯ ಸ್ವರೂಪವೇ ಬದಲಾಗುತ್ತದೆ ಎಂದರು. ಅರ್ಜಿ ವಜಾ ಆಯಿತು. ನನಗೆ ನಾಚಿಕೆಯಾಯಿತು, ಆದರೆ ನಾನು ಪಕ್ಷಗಾರನಲ್ಲವಾದ್ದರಿಂದ ಅದನ್ನು ದಾಖಲಿಸಲು ಅವಕಾಶವಿರಲಿಲ್ಲ.

ಆಮೇಲೆ ಷಡ್ಡಕ ಸಾಕ್ಷಿ ಹೇಳಿದ. "ಗೋಡೆ ಎದ್ದ ಮೇಲೆ ಆ ಕಡೆಯಿಂದ ಒಂದು ಕಟಕಿನೂ ಬಂದಿಲ್ಲ ಸ್ವಾಮಿ. ಅವನಿಗೆ ಬಾಯಿ ಅಂತ ಇದ್ರೆ ತಾನೆ?"

ಗೋಡೆಯಿಂದಲೇ ಕಟಕಿ ನಿಂತಿತೆಂದು ಪ್ರತಿವಾದಿಯೇ ಒಪ್ಪಿದ್ದರಿಂದ ದಾವೆ ಡಿಕ್ರಿಯಾಯಿತು. ಕಟಕಿಯು ಬಾಗಿಲಿನಿಂದಲೂ ಹೋಗಬಲ್ಲದಾದ್ದರಿಂದ ಗೋಡೆಯನ್ನು ಕೆಡವತಕ್ಕದ್ದಲ್ಲ. ಪ್ರತಿವಾದಿಯು ದಿನವೂ ಬೆಳಿಗ್ಗೆ ಒಂದು ಗಂಟೆ ಕಾಲ ತನ್ನ ಜಗುಲಿಯಲ್ಲಿ ಕುಳಿತು, ಕೋರ್ಟಿನ ಅಮೀನರ ಸಮಕ್ಷಮ, ವಾದಿಯ ಕಟಕಿಗಳನ್ನು ಅಡ್ಡಿಪಡಿಸದೆ ಕೇಳತಕ್ಕದ್ದು.

ದರ್ಜಿಗೆ ಕಟಕಿಯಾಡಲು ಬರುವುದಿಲ್ಲ. ಅವನ ಹೆಂಡತಿಗೆ ಬರುತ್ತದೆ. ಅವಳ ಹೆಸರಿಗೆ ಅಧಿಕಾರಪತ್ರ ಮಾಡಿಸಿದೆವು. ಈ ಸಲ ಮೂರು ಬಾರಿ ಓದಿ ನೋಡಿದೆ.

"ಏನ್ ಭಾವ, ಗೋಡೆಗೆ ಸುಣ್ಣ ಬಳಿಸಿಲ್ವಾ? ನಿಮ್ಮ ಮುಖಕ್ಕೆ ಹೊಂದ್ಲಿ ಅಂತಾನಾ?" ಎಂದು ಮೊದಲ ದಿನವೇ ಶುರುವಾಯಿತು.

"ಅದನ್ನ ನಾನು ಮೊದ್ಲಿಂದ ಹೇಳ್ತಿದೀನಿ. ಬರ್ಕೊಳ್ಳಿ ಅಮೀನರೇ" ಎಂದು ಒಳಗಿನಿಂದ ಅವಳ ಅಕ್ಕ, ಅಂದರೆ ಪ್ರತಿವಾದಿಯ ಹೆಂಡತಿ, ಕೂಗಿದಳು.

ಹೆಂಡತಿ ಆಡಿದರೂ ವಾದಿ ಖುದ್ದು ಹಾಜರಿರಬೇಕೆಂದು ಅಮೀನರ ಕಟ್ಟಪ್ಪಣೆ. ಹಾಗಾಗಿ ದರ್ಜಿಯೂ ಬಂದು ಕೂರುತ್ತಾನೆ. ಆ ಜಗುಲಿಯಲ್ಲಿ ಬೆಳಕು ಧಾರಾಳವಾಗಿದೆ. ಸುಮ್ಮನೆ ಕೂರುವುದೇಕೆಂದು ಹೊಲಿಗೆ ತಂದ. ಅದನ್ನು ನೋಡಿ ಗಿರಾಕಿಗಳೂ ಅಲ್ಲಿಗೇ ಬರತೊಡಗಿದರು.

ಮೊನ್ನೆ ಗಂಟೆ ಮುಗಿಯಿತೆಂದು ಅಮೀನರು ಪುಸ್ತಕ ಮುಚ್ಚಿದರು. ದರ್ಜಿ ತಲೆಯೆತ್ತದೆ ಹೆಂಡತಿಗೆ ಹೇಳಿದ: "ಇನ್ನೂ ನಾಲ್ಕು ಕಾಜಾ ಬಾಕಿ ಇದೆ ಕಣೆ. ಒಂದೆರಡು ಜಾಸ್ತಿ ಅಂದುಬಿಡು."

ಅಮೀನರು ಪ್ರತಿವಾದಿಯ ಮುಖ ನೋಡಿದರು.

"ಅನ್ಲಿ ಬಿಡಿ" ಎಂದ ಷಡ್ಡಕ. "ಅದು ನನ್ನ ಅಂಗಿನೇ."