ಜೋಗ ನೋಡಿದ ಅಜ್ಜಿ

ಒಂದೇ ಸುಳ್ಳನ್ನು ಮೂವತ್ತು ವರ್ಷ ಹೇಳಿದರೆ ಹೇಳಿದವರಿಗೇ ಅದರ ಮೇಲೆ ಮರ್ಯಾದೆ ಬಂದುಬಿಡುತ್ತದೆ. ನನ್ನದು ಅಂಥ ದೊಡ್ಡ ಸುಳ್ಳೇನಲ್ಲ. ಜೋಗ ನೋಡಿದ್ದೇನೆ ಎಂದು ಹೇಳಿಕೊಂಡು ಬಂದಿದ್ದೇನೆ, ಅಷ್ಟೇ. ಯಾರಾದರೂ ಜೋಗದ ಸುದ್ದಿ ತೆಗೆದರೆ ಗಲ್ಲಕ್ಕೆ ಕೈಯಿಟ್ಟು, "ಅಬ್ಬ, ಎಂಥ ನೀರು" ಎನ್ನುತ್ತೇನೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳಿಂದ ಯಾರೂ ಅದಕ್ಕಿಂತ ಹೆಚ್ಚು ಕೇಳುವುದಿಲ್ಲ.

ನಡೆದದ್ದು ಇಷ್ಟು. ಆಗ ನಾವು ಸಂಬಂಧಿಕರೆಲ್ಲ ಸೇರಿ ಮೂಡುಬಿದಿರೆಯಿಂದ ಒಂದು ಬಸ್ಸು ಮಾಡಿಕೊಂಡು ಊರು ನೋಡಲು ಹೊರಟಿದ್ದೆವು. ವಿಟ್ಲದ ನಾದಿನಿ ಚಕ್ಕುಲಿ ತಂದಿದ್ದಳು. ನಾನು ಎರಡು ಭರಣಿ ಮಿಡಿ ಉಪ್ಪಿನಕಾಯಿ ಹೊತ್ತುಕೊಂಡು ಹೋಗಿದ್ದೆ. ಜೋಗದಲ್ಲಿ ಇಳಿಯುವಾಗ ನೋಡಿದರೆ ಬಸ್ಸಿನ ಸುತ್ತ ಮಂಗಗಳು. ತಾನು ನೋಡಿಕೊಳ್ಳುತ್ತೇನೆ ಎಂದು ಡ್ರೈವರು ಹೇಳಿದ. ಅವನ ಮುಖ ನೋಡಿ ಮಂಗಗಳೇ ವಾಸಿ ಎನಿಸಿತು. ಎಲ್ಲರನ್ನೂ ಕಳಿಸಿ ಭರಣಿಯ ಮುಚ್ಚಳದ ಮೇಲೆ ಕೈಯಿಟ್ಟು ಕೂತೆ. ನೀರಿನ ಸದ್ದು ಚೆನ್ನಾಗಿಯೇ ಕೇಳಿಸುತ್ತಿತ್ತು. ಮಳೆಗಾಲದಲ್ಲಿ ನಮ್ಮ ಹಟ್ಟಿಯ ಮಾಡಿನಿಂದ ಸುರಿಯುವುದೂ ನೀರೇ ಅಲ್ಲವೇ ಎಂದು ಸಮಾಧಾನ ಮಾಡಿಕೊಂಡೆ. ಯಾರೂ ನನ್ನನ್ನು ಹಿಡಿದು ಕೂರಿಸಿದ್ದಲ್ಲ, ಅದನ್ನು ಹೇಳಲೇಬೇಕು. ಮುಂದೆ ಬೇಲೂರಿನಲ್ಲಿ ಬಸ್ಸು ನಿಂತಾಗ ಒಂದು ಮಂಗವೂ ಇರಲಿಲ್ಲ. ಆದರೆ ಅಷ್ಟು ಹೊತ್ತಿಗೆ ಎಲ್ಲರೂ ತಮ್ಮ ಚೀಲ ತಂದು ನನ್ನ ಮಡಿಲಿಗೆ ಹಾಕುವುದು ರೂಢಿಯಾಗಿತ್ತು. ನನಗೂ ಅದೊಂದು ದೊಡ್ಡ ಅಧಿಕಾರದ ಹಾಗೆ ಕಂಡಿತು. ಹಂಪಿಯಲ್ಲಿ ನಮ್ಮ ಬಸ್ಸು ನಿಂತಲ್ಲಿ ಒಂದು ಹುಣಿಸೆ ಮರ ಉಂಟು. ಅದರ ಗೆಲ್ಲು ಗೆಲ್ಲೂ ನನಗೆ ಗೊತ್ತು. ಹೋಗಲಿ, ಹತ್ತಿರದಲ್ಲೇ ಇರುವ ಸಾವಿರ ಕಂಬದ ಬಸದಿಗೆ ನೆಂಟರನ್ನು ಕರೆದುಕೊಂಡು ಹೋದರೂ ನಾನು ನಿಲ್ಲುವುದು ಚಪ್ಪಲಿಗಳ ಹತ್ತಿರವೇ.

ಈ ವರ್ಷ ಸಿಕ್ಕಿಬಿದ್ದೆ. ನಾಲ್ಕನೇ ಕ್ಲಾಸಿನ ಮೊಮ್ಮಗಳು ಶ್ರಾವ್ಯ, ತನ್ನ ಅಜ್ಜಿ ಇಡೀ ಕರ್ನಾಟಕ ನೋಡಿದ್ದಾರೆ ಎಂದು ಶಾಲೆಯಲ್ಲಿ ಹೇಳಿಬಿಟ್ಟಿದ್ದಳು. ಟೀಚರು ಮನೆಗೇ ಬಂದು, ರಾಜ್ಯೋತ್ಸವದ ದಿನ ಜೋಗದ ಬಗ್ಗೆ ಎರಡು ಮಾತಾಡಬೇಕೆಂದರು. ಸೊಂಟನೋವು ಎಂದಿದ್ದರೆ ಮುಗಿಯುತ್ತಿತ್ತು. ಬಾಗಿಲ ಸಂದಿನಿಂದ ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಬಾಯಿಯಿಂದ ಹೂಂ ಎಂದೇ ಬಂತು. ಆ ದಿನದ ಮೆರವಣಿಗೆಗೆ ಅವಳ ಕ್ಲಾಸಿನವರು ಪಿಕಪ್ ಗಾಡಿಯಲ್ಲಿ ಏಣಿ ನಿಲ್ಲಿಸಿ ಜೋಗ ಮಾಡುವುದಂತೆ. ಏಣಿಯಿಂದ ಇಳಿಬಿಡುವ ನೀರಿಗೆಂದು ನಮ್ಮವರು ಉಡುವ ನಾಲ್ಕು ಬಿಳಿ ಮುಂಡುಗಳನ್ನು ಕೊಟ್ಟೆ. ಎಂಟು ದಿನ ಆ ಮಗು ನನ್ನನ್ನು ಕೂರಿಸಿ ರಾಜ, ರಾಣಿ, ರೋರರ್, ರಾಕೆಟ್ ಎಂದು ನಾಲ್ಕು ಧಾರೆಗಳ ಹೆಸರನ್ನು ಬಾಯಿಪಾಠ ಮಾಡಿಸಿತು. ಮನೆಯಲ್ಲಿ ನಮ್ಮದು ತುಳು. ಕನ್ನಡ ಮಾತಾಡುವಾಗ ತಾಲೂಕು ಕಚೇರಿಯಲ್ಲಿ ನಿಂತವಳ ಹಾಗೆ ನನ್ನ ಬೆನ್ನು ನೆಟ್ಟಗಾಗುತ್ತದೆ.

ವೇದಿಕೆ ಹತ್ತಿಸಿ ಶಾಲು ಹೊದೆಸಿದರು. ನಾಲ್ಕು ಹೆಸರನ್ನೂ ತಪ್ಪದೆ ಹೇಳಿದೆ, ಚಪ್ಪಾಳೆಯೂ ಬಿತ್ತು. ಅಲ್ಲಿಗೆ ಇಳಿಯಬೇಕಿತ್ತು. ಎದುರಿನ ಒಬ್ಬಳು ಜಡೆಯ ಹುಡುಗಿ ಎದ್ದು, "ಅಜ್ಜಿ, ನೀವು ನೋಡುವಾಗ ನಾಲ್ಕರಲ್ಲಿ ಯಾವುದು ಜಾಸ್ತಿ ಚಂದ ಇತ್ತು?" ಎಂದು ಕೇಳಿದಳು. ನಾನು ಶ್ರಾವ್ಯಳನ್ನು ನೋಡಿದೆ. ಅವಳು ತುಟಿಯಲ್ಲೇ "ರಾಣಿ, ರಾಣಿ" ಎನ್ನುತ್ತಿದ್ದಳು. ಅವಳೂ ಜೋಗ ನೋಡಿದವಳಲ್ಲ. ನನ್ನ ಸುಳ್ಳಿಗೆ ಇನ್ನು ಈ ಮಗುವೂ ಹೆಗಲು ಕೊಡಬೇಕೇ ಎನಿಸಿತು.

"ನಾನು ನೋಡಲಿಲ್ಲ ಮಕ್ಕಳೇ. ಬಸ್ಸಿನಲ್ಲಿ ಉಪ್ಪಿನಕಾಯಿ ಕಾಯ್ತಾ ಕೂತಿದ್ದೆ" ಎಂದೆ.

ಮಕ್ಕಳು ಬಿದ್ದು ಬಿದ್ದು ನಕ್ಕರು. ಮಂಗಗಳ ವಿಷಯ ಕೇಳಿದರು. ಅದರಲ್ಲಿ ನನಗೆ ಬಾಯಿಪಾಠ ಬೇಕಿರಲಿಲ್ಲ. ಶ್ರಾವ್ಯ ಒಬ್ಬಳು ನಗಲಿಲ್ಲ. ಕೆಳಗಿಳಿದ ಮೇಲೆ ಹತ್ತಿರ ಬಂದು, "ಮೊದಲೇ ಹೇಳಬಾರದಿತ್ತಾ ಅಜ್ಜಿ? ನಾನು ಎಲ್ಲರ ಹತ್ರ ಹೇಳಿ ಆಗಿದೆ" ಎಂದಳು. ಅವಳ ಜೋಗವನ್ನಾದರೂ ಕಣ್ಣು ತುಂಬ ನೋಡುತ್ತೇನೆ, ಇದು ಸತ್ಯ ಎಂದು ಅವಳ ಕೈ ಮುಟ್ಟಿ ಹೇಳಿದೆ.

ಮೆರವಣಿಗೆ ಹೊರಡುವಾಗ ಟೀಚರು ಬಂದರು. "ಅಜ್ಜಿ, ನೀವು ಹೇಗೂ ಕೂತಿರ್ತೀರಲ್ಲ, ಮಕ್ಕಳ ಬ್ಯಾಗು ಇಲ್ಲೇ ಇರಲಿ ಆಯ್ತಾ?"

ಶಾಲೆಯ ಜಗಲಿಯ ತುಂಬ ಬ್ಯಾಗು, ನಡುವೆ ಶಾಲು ಹೊದ್ದ ನಾನು. ಮೆರವಣಿಗೆ ಕೆಳಗಿನ ಮೈದಾನದಿಂದ ಹೊರಟು ಗೇಟಿನ ಎದುರೇ ಹಾದುಹೋಗುವುದಂತೆ, ಆ ಕಡೆಗೇ ಕಣ್ಣು ನೆಟ್ಟು ಕೂತಿದ್ದೆ. ಚೆಂಡೆಯ ಸದ್ದು ಹತ್ತಿರ ಬರುವಾಗ ಸರಿಯಾಗಿ ಒಂದು ನಾಯಿ ಬಂದು ಯಾರದೋ ಬುತ್ತಿಯ ಚೀಲಕ್ಕೆ ಮೂತಿ ಹಾಕಿತು. ಮೂವತ್ತು ವರ್ಷದ ಅಭ್ಯಾಸ. ಕೋಲು ಹಿಡಿದು ಅದನ್ನು ಶಾಲೆಯ ಹಿಂದಿನವರೆಗೆ ಅಟ್ಟಿಸಿಕೊಂಡು ಹೋದೆ. ತಿರುಗಿ ಬರುವಾಗ ಚೆಂಡೆ ಪೇಟೆಯ ಕಡೆ ಕೇಳಿಸುತ್ತಿತ್ತು.

ಮಧ್ಯಾಹ್ನ ಶ್ರಾವ್ಯ ಬೆವರಿಕೊಂಡು ಓಡಿ ಬಂದಳು. ಜೋಗ ನೋಡಿದಿರಾ ಎಂದು ಕೇಳಿದಳು.

ನನ್ನ ಕೈ ಅದರಷ್ಟಕ್ಕೆ ಗಲ್ಲಕ್ಕೆ ಹೋಯಿತು. "ಅಬ್ಬ, ಎಂಥ ನೀರು" ಎಂದೆ.

ಹುಡುಗಿ ಗಲ್ಲದ ಮೇಲಿದ್ದ ನನ್ನ ಕೈಯನ್ನು ಹಿಡಿದು ಇಳಿಸಿದಳು. "ಗೇಟಿನ ಹತ್ರ ಬರುವ ಮೊದಲೇ ಮುಂಡು ನಾಲ್ಕೂ ಬಿದ್ದು ಹೋಗಿತ್ತು ಅಜ್ಜಿ. ಬರೀ ಏಣಿ ಹೋದದ್ದು."

ನಾನು ಶಾಲು ಸರಿಮಾಡಿಕೊಂಡೆ. ಬ್ಯಾಗು ಮಾತ್ರ ಒಂದೂ ಹೋಗಿರಲಿಲ್ಲ.