ಎರಡರಿಂದ ಎಂಟು

ಕರಿಬಸವನ ಮಾರ್ಕರ್ ಪೆನ್ನಿನಲ್ಲಿ ಇನ್ನೆರಡು ಪದಕ್ಕಾಗುವಷ್ಟು ಶಾಯಿ ಇದ್ದಿದ್ದರೆ ಈ ಕತೆ ಹುಟ್ಟುತ್ತಲೇ ಇರಲಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಆತ ಬಿಳಿ ಹಾಳೆಯ ಮೇಲೆ ಅಂಗೈ ಅಗಲದ ಅಂಕಿಗಳಲ್ಲಿ ‘2 ರಿಂದ 8’ ಎಂದು ಬರೆದ. ಮುಂದೆ ‘ಡಿಗ್ರಿ ಸೆಲ್ಸಿಯಸ್’ ಎಂದು ಬರೆಯಹೋದರೆ ಪೆನ್ನು ಹಾಳೆಯನ್ನು ಕೆರೆಯಿತೇ ಹೊರತು ಬಣ್ಣ ಬಿಡಲಿಲ್ಲ. ಒದರಿ ನೋಡಿದ, ಬಾಯಿಂದ ಊದಿ ನೋಡಿದ. ಕೊನೆಗೆ ‘ಗೊತ್ತಿದ್ದೋರಿಗೆ ಗೊತ್ತಾಗ್ತೈತಿ ಬಿಡು’ ಎಂದು ಹಾಳೆಯನ್ನು ಹಾಗೇ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ. ಗೊತ್ತಿಲ್ಲದವರು ಊರಲ್ಲಿ ಎಷ್ಟು ಮಂದಿ ಎಂಬುದನ್ನು ಮಹಾನುಭಾವ ಯೋಚಿಸಲೇ ಇಲ್ಲ.

ಅದು ಮನೆಯ ಫ್ರಿಜ್ಜಲ್ಲ. ಬಳ್ಳಾರಿಯ ವಿರೂಪಾಕ್ಷಪ್ಪ ಸಾವ್ಕಾರರ ಔಷಧ ಏಜೆನ್ಸಿಗೆ ಸಿರುಗುಪ್ಪದಲ್ಲೊಂದು ಸಣ್ಣ ಗೋದಾಮು, ಆ ಗೋದಾಮಿನ ಜೀವವೆಲ್ಲ ಆಳೆತ್ತರದ ಆ ಫ್ರಿಜ್ಜಿನಲ್ಲಿ. ಸಕ್ಕರೆ ಕಾಯಿಲೆಯವರ ಇನ್ಸುಲಿನ್, ನಾಯಿ ಕಚ್ಚಿದವರ ಇಂಜೆಕ್ಷನ್, ಭತ್ತದ ಗದ್ದೆಯಲ್ಲಿ ಹಾವು ತುಳಿದವರ ಮದ್ದು, ಎಲ್ಲ ಅದರೊಳಗೆ. ಎರಡು ಡಿಗ್ರಿಗಿಂತ ಕೆಳಗಿಳಿದರೆ ಹೆಪ್ಪುಗಟ್ಟುತ್ತವೆ, ಎಂಟು ದಾಟಿದರೆ ಕೆಡುತ್ತವೆ. ಹೊರಗೆ ನಲವತ್ತೆರಡು ಡಿಗ್ರಿ ಬಿಸಿಲಿರುವ ಊರಲ್ಲಿ ಇವಕ್ಕೆ ಮಾಡುವ ಉಪಚಾರವನ್ನು ಹೊಸ ಅಳಿಯನಿಗೂ ಯಾರೂ ಮಾಡುವುದಿಲ್ಲ.

ಆ ಔಷಧಗಳ ನಡುವೆ ಒಂದು ಹಸಿರು ಕಡ್ಡಿ ಇರುತ್ತಿತ್ತು. ಲಾಗರ್ ಎಂದು ಅದರ ಹೆಸರು. ಉದ್ದದಲ್ಲಿ, ದಪ್ಪದಲ್ಲಿ ಒಂದು ಬಜ್ಜಿ ಮೆಣಸಿನಕಾಯಿಯಷ್ಟು, ತುದಿಗೆ ಸಾಸಿವೆ ಕಾಳಿನಂಥ ಕೆಂಪು ದೀಪ. ನಿಮಿಷಕ್ಕೊಮ್ಮೆ ಸುತ್ತಲಿನ ಶಾಖವನ್ನು ಗುರುತಿಟ್ಟುಕೊಂಡು, ಸಾವ್ಕಾರರು ಲ್ಯಾಪ್‌ಟಾಪಿಗೆ ಜೋಡಿಸಿದ ಕೂಡಲೇ ಒಂದೂ ಬಿಡದೆ ಒಪ್ಪಿಸುವುದು ಅದರ ಕೆಲಸ. ನೀರಿಗೆ ಬಿದ್ದರೂ ಬೆಂಕಿಗೆ ಬಿದ್ದರೂ ಸಾಯದ ಜಾತಿ. ಕರಿಬಸವ ಅದಕ್ಕೆ ‘ಚಾಡಿಕೋರ’ ಎಂದು ಹೆಸರಿಟ್ಟಿದ್ದ.

ಆ ದಿನ ಸಂಜೆ ನಾಲ್ಕಕ್ಕೆ ಸಾವ್ಕಾರರು ಬರುವವರಿದ್ದರು. ಚಾಡಿಕೋರನ ಒಂದು ತಿಂಗಳ ಸಾಕ್ಷಿ ಚೊಕ್ಕವಾಗಿದ್ದರೆ ಕರಿಬಸವನಿಗೆ ಬಳ್ಳಾರಿಗೆ ವರ್ಗ ಎಂದು ಮಾತು ಕೊಟ್ಟಿದ್ದರು. ಮೂರು ವರ್ಷದಿಂದ ಆತ ಬೆಳಿಗ್ಗೆ ಆರರ ಬಸ್ಸಿಗೆ ಬಳ್ಳಾರಿ ಬಿಟ್ಟು, ಸಂಜೆ ಆರರ ಬಸ್ಸಿಗೆ ಸಿರುಗುಪ್ಪ ಬಿಡುವವನು. ಮನೆ ಮುಟ್ಟುವಷ್ಟರಲ್ಲಿ ಎರಡು ವರ್ಷದ ಮಗಳು ಚೈತ್ರಾ ಮಲಗಿರುತ್ತಾಳೆ. ಅವಳು ಅಪ್ಪನನ್ನು ಎಚ್ಚರದಲ್ಲಿ ನೋಡುವುದು ಆತ ಬಾಗಿಲಲ್ಲಿ ನಿಂತು ಟಾಟಾ ಮಾಡುವಾಗ ಮಾತ್ರ. ಹೀಗಾಗಿ ಆ ಕೂಸು ಆತನನ್ನು ‘ಅಪ್ಪ’ ಎನ್ನುವುದಿಲ್ಲ, ‘ಟಾಟಾ’ ಎಂದೇ ಕರೆಯುತ್ತದೆ. ಹೆಂಡತಿ ಅಂಜನಾಗೆ ಅದು ತಮಾಷೆ, ಕರಿಬಸವನಿಗೆ ಕರುಳು ಹಿಂಡಿದಂತಾಗುತ್ತದೆ.

ಮಧ್ಯಾಹ್ನ ಒಂದೂವರೆಗೆ ಬಸ್ ನಿಲ್ದಾಣದಲ್ಲಿ ಒಂದು ಪಾರ್ಸಲ್ ತರಬೇಕಿತ್ತು. ಮೇಲಿನ ಮನೆಯಲ್ಲಿರುವ ಕಟ್ಟಡದ ಮಾಲೀಕ ಮರಿಬಸಪ್ಪ ಮಾಸ್ತರಿಗೆ ಕೀಲಿ ಕೊಟ್ಟು, “ಮಾಸ್ತರ, ಸ್ವಲ್ಪ ಗೋದಾಮಿನ ಕಡಿ ಕಣ್ಣಿಡ್ರಿ, ಈಗ ಬಂದೆ” ಎಂದು ಹೋದ. ಮಾಸ್ತರು ಶಾಲೆಯಿಂದ ನಿವೃತ್ತರಾಗಿ ಹತ್ತು ವರ್ಷವಾಗಿತ್ತು. ಆದರೆ ಬರೆದದ್ದು ಕಂಡರೆ ಗಟ್ಟಿಯಾಗಿ ಓದಿ ನಾಲ್ಕು ಜನಕ್ಕೆ ಅರ್ಥ ಹೇಳುವ ಚಟ ನಿವೃತ್ತವಾಗಿರಲಿಲ್ಲ.

ಬಸ್ಸು ತಡವಾಗಿ ಬಂತು. ಎರಡೂಕಾಲಿಗೆ ಕರಿಬಸವ ಬೆವರು ಒರೆಸಿಕೊಳ್ಳುತ್ತ ತಿರುಗಿ ಬಂದರೆ ಗೋದಾಮಿನ ಮುಂದೆ ಸಾಲು ನಿಂತಿದೆ! ಕರೂರಿನ ಮೊಸರಿನಾಕೆಯ ತಲೆ ಮೇಲೆ ಗಡಿಗೆ, ಹೂ ಮಾರುವ ಜಡೆಮ್ಮನ ಕಂಕುಳಲ್ಲಿ ಮಲ್ಲಿಗೆ ಬುಟ್ಟಿ, ಹಿಂದೆ ಯಾರದೋ ಕಲ್ಲಂಗಡಿ ಹಣ್ಣು. ಪಕ್ಕದ ಮಿರ್ಚಿ ಬಜ್ಜಿ ಅಂಗಡಿಯ ಕೊಟ್ರಮ್ಮ ತನ್ನ ಸರಕು ಆಗಲೇ ಒಳಗಿಟ್ಟು, ಗೆದ್ದವಳಂತೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

“ಬಾರಪ್ಪ ಪುಣ್ಯಾತ್ಮ!” ಎಂದಳು. “ಇಂಥಾ ಬಿಸಿಲಾಗ ಮಂದಿಗೆ ತಂಪು ಮಾಡಿದಿ. ನಿನ್ನ ಹೊಟ್ಟಿ ತಣ್ಣಗಿರ್ಲಿ.”

“ಏನ್ ನಡದೈತ್ರಿ ಇಲ್ಲಿ?” ಎಂದ ಕರಿಬಸವ.

ಒಳಗಿನಿಂದ ಮಾಸ್ತರು ಗಡಿಯಾರ ತೋರಿಸುತ್ತ ಬಂದರು. “ಕರೆಕ್ಟ್ ಎರಡಕ್ಕ ಬಾಗಿಲು ತಗದೀನಿ ನೋಡು. ಒಂದು ನಿಮಿಷ ಹೆಚ್ಚಿಲ್ಲ, ಒಂದು ನಿಮಿಷ ಕಡಿಮಿಲ್ಲ. ಟೈಮ್ ಅಂದ್ರ ಟೈಮ್!”

“ಯಾವ ಟೈಮ್ರಿ ಮಾಸ್ತರ?”

“ನೀನೇ ಬರದೀಯಲ್ಲಪ್ಪ. ಎರಡರಿಂದ ಎಂಟು.”

ಕರಿಬಸವ ಒಳಗೆ ನುಗ್ಗಿದ. ಇನ್ಸುಲಿನ್ ಇರಬೇಕಾದ ಹಲಗೆಯಲ್ಲಿ ಗೋಲಿ ಸೋಡಾ ಬಾಟಲಿಗಳು ಭುಜಕ್ಕೆ ಭುಜ ಕೊಟ್ಟು ನಿಂತಿದ್ದವು. ಹಾವಿನ ಮದ್ದಿನ ಜಾಗದಲ್ಲಿ ದೋಸೆ ಹಿಟ್ಟು. ನಾಯಿ ಇಂಜೆಕ್ಷನ್ನಿನ ಜಾಗದಲ್ಲಿ ಕೊಟ್ರಮ್ಮನ ಮೆಣಸಿನಕಾಯಿ ಡಬ್ಬಿ.

“ಮಾಸ್ತರ, ಒಳಗಿದ್ದ ಔಷಧ?”

“ಅವಾ? ಜಾಗ ಸಾಲಲಿಲ್ಲ. ಹೊರಗ ತಗದು ಫ್ಯಾನಿನ ಕೆಳಗ ಇಟ್ಟೀನಿ. ಆರಾಮ ಗಾಳಿ ತಗೊಂಡು ಕುಂತಾವು.”

“ಅಯ್ಯಯ್ಯೋ, ಕೆಟ್ಟೆ!” ಕರಿಬಸವ ಹಣೆ ಹಣೆ ಬಡಿದುಕೊಂಡ. ಐಸ್ ಪ್ಯಾಕು ತುಂಬಿದ ಥರ್ಮೋಕೋಲ್ ಪೆಟ್ಟಿಗೆಗೆ ಔಷಧವನ್ನೆಲ್ಲ ಬಾಚಿ ಹಾಕಿ, ‘ಯಾರಿಗೂ ಕೊಡಬಾರದು’ ಎಂದು ಚೀಟಿ ಅಂಟಿಸಿದ. ಆಮೇಲೆ ಫ್ರಿಜ್ಜಿನಲ್ಲಿದ್ದ ಹಿಟ್ಟು, ಡಬ್ಬಿ, ಬಾಟಲಿಗಳನ್ನೆಲ್ಲ ಹೊರಗಿಟ್ಟ. ಅದು ಡಿಗ್ರಿ, ಗಂಟೆಯಲ್ಲ ಎಂದು ಎಷ್ಟು ಹೇಳಿದರೂ ಜನ ಗೊಣಗಿಕೊಂಡೇ ಬೀದಿಗಿಳಿದರು. “ಒಂದಿನಕ್ಕ ದಾನ ಸಾಕಾತು ನೋಡು” ಎಂದು ಜಡೆಮ್ಮ ಎಲ್ಲರಿಗೂ ಕೇಳುವಂತೆ ಹೇಳಿದಳು.

ಆಗ ಕರಿಬಸವ ಫ್ರಿಜ್ಜಿನ ಹಲಗೆಗಳನ್ನೆಲ್ಲ ತಡಕಿದ. ಹಸಿರು ಕಡ್ಡಿ ಕಾಣಲಿಲ್ಲ.

“ಚಾಡಿಕೋರ ಎಲ್ಲಿ?” ಎಂದು ಬೀದಿಗೆ ಬಂದು ಕೂಗಿದ. “ಲೇ, ಯಾರರ ಹೇಳ್ರಲೇ, ಚಾಡಿಕೋರ ಎಲ್ಲಿ ಹೋದ?”

ಬೀದಿಗೆ ಬೀದಿಯೇ ತಿರುಗಿ ಮರಿಬಸಪ್ಪ ಮಾಸ್ತರನ್ನು ನೋಡಿತು.

“ನನ್ನ ಯಾಕ ನೋಡ್ತೀರಿ?” ಮಾಸ್ತರು ಕೆಂಪಾದರು. “ಮನ್ನಿ ಜಡೆಮ್ಮನ ಮಾತು ಕೊಟ್ರಮ್ಮಗ ಹೇಳಿದ್ದು ನಾನಲ್ಲ!”

“ಹಂಗಾದ್ರ ಏನರ ಹೇಳ್ಯಾಳ ಅಂದಂಗಾತು!” ಕೊಟ್ರಮ್ಮ ಸೆರಗು ಬಿಗಿದಳು. ಹೋದ ವರ್ಷದ ಜಗಳಗಳೆಲ್ಲ ಒಂದೊಂದಾಗಿ ಎದ್ದು ಬಂದವು. ಅವರನ್ನು ಬಿಡಿಸಿ, ತಾನು ಕೇಳಿದ್ದು ಕಡ್ಡಿಯನ್ನು ಎಂದು ತಿಳಿಸುವಷ್ಟರಲ್ಲಿ ಮೂರು ಹೊಡೆಯಿತು.

ಹುಡುಕಾಟಕ್ಕೆ ಓಣಿಯೇ ನಿಂತಿತು. ಮಲ್ಲಿಗೆ ಬುಟ್ಟಿಯನ್ನು ಸುರುವಿ ನೋಡಿದರು. ಮೊಸರಿನ ಗಡಿಗೆಗೆ ಕರಿಬಸವ ಕೈ ಹಾಕಹೋದರೆ ಕರೂರಿನಾಕೆ, “ಮುಟ್ಟಿದ್ರ ಹುಳಿ ಬರ್ತೈತಿ, ಪೂರಾ ಗಡಿಗಿ ನೀನೇ ಕುಡೀಬೇಕು” ಎಂದು ತಡೆದು, ತಾನೇ ಸೌಟಿನಿಂದ ತಡಕಿ ನೋಡಿದಳು. ಎಲ್ಲಿಯೂ ಇಲ್ಲ. ಅಷ್ಟರಲ್ಲಿ ಸಾವ್ಕಾರರ ಫೋನು: “ಕರಿಬಸವ, ಕುರುಗೋಡಿನ ಕೆಲಸ ಮುಗೀತು. ಬಾದನಹಟ್ಟಿ ದಾಟೀನಿ. ಬಂದ್ಬಿಟ್ಟೆ.”

ಬಂದೇಬಿಟ್ಟರು. ಬಿಳಿ ಪಂಚೆ, ಬಿಳಿ ಅಂಗಿ, ಬಾಯಲ್ಲಿ ಹೋದ ವಾರವಷ್ಟೇ ಕಟ್ಟಿಸಿಕೊಂಡ ಬಿಳೀ ಹಲ್ಲಿನ ಸೆಟ್ಟು. ಕಾರಿನಿಂದ ಇಳಿಯುತ್ತಲೇ ಲ್ಯಾಪ್‌ಟಾಪ್ ತೆಗೆದು, “ಎಲ್ಲೈತಿ ಲಾಗರ್?” ಎಂದರು.

ಮುಳುಗುವವನಿಗೆ ಕೊಟ್ರಮ್ಮನ ಬಾಣಲೆಯ ಪರಿಮಳವೇ ಆಸರೆಯಾಯಿತು. ಸಾವ್ಕಾರರ ಜೀವ ಮಿರ್ಚಿಯಲ್ಲಿದೆ ಎಂಬುದು ಕರಿಬಸವನಿಗೆ ಗೊತ್ತು. ಅವರು ತಿನ್ನುತ್ತಿರುವಾಗ ಇನ್ನೊಂದು ಸಲ ಹುಡುಕಬಹುದು ಎಂದುಕೊಂಡು, “ಮೊದಲು ಸ್ವಲ್ಪ ಮಿರ್ಚಿ ತಗೋರಿ ಸರ್, ದೂರದಿಂದ ಬಂದೀರಿ” ಎಂದು ಕೂಡಿಸಿ, “ಕೊಟ್ರಮ್ಮಕ್ಕಾ, ಸಾವ್ಕಾರ್ರಿಗೆ ದೊಡ್ಡದು ನೋಡಿ ಕೊಡು” ಎಂದು ಕೂಗಿದ.

ಕೊಟ್ರಮ್ಮನ ಕನ್ನಡಕ ಎಣ್ಣೆಯ ಹೊಗೆಗೆ ಮಬ್ಬಾಗಿ ವರ್ಷಗಳೇ ಆಗಿದ್ದವು. ಅವಳು ಕೈಯಳತೆಯಲ್ಲೇ ಒಂದನ್ನು ಆರಿಸಿದಳು. “ಆಗಲೇ ಕರಿದು ಆರಿಸೀನಿ ಸಾವ್ಕಾರ್ರ. ಇವತ್ತೊಂದು ಭಾರಿ ಗಟ್ಟಿ ಮೆಣಸಿನಕಾಯಿ ಸಿಕ್ಕಿತ್ತು, ಸೀಳಾಕ ಹೋದ್ರ ಚಾಕೂನ ಇಳೀಲಿಲ್ಲ. ಹಂಗ ಹಿಟ್ಟಿಗೆ ಅದ್ದಿ ಬಿಟ್ಟೆ. ದೊಡ್ಡೋರಿಗೆ ದೊಡ್ಡದು.”

ಸಾವ್ಕಾರರು ಮಿರ್ಚಿಯನ್ನು ಬಾಯಿಗೆ ಒಯ್ದರು. ಆಗ ಕರಿಬಸವನ ಕಣ್ಣಿಗೆ ಬಿತ್ತು, ಹಿಟ್ಟಿನ ಸಂದಿಯಲ್ಲಿ ಸಾಸಿವೆ ಕಾಳಿನಷ್ಟು ಕೆಂಪು ದೀಪ. ಮಿಣಕ್, ಮಿಣಕ್.

“ಸರ್, ಕಚ್ಚಬ್ಯಾಡ್ರಿ!”

ಕಟಕ್ ಎಂದಿತು. ಹೊಸ ಹಲ್ಲಿನ ಸೆಟ್ಟು ಚಾಡಿಕೋರನನ್ನು ಕಚ್ಚಿ ಹಿಡಿದು, ಬಿಡಲೊಲ್ಲೆ ಎಂದು ಕೂತಿತು. ಸಾವ್ಕಾರರು ಎರಡು ಕೈ ಬೀಸುತ್ತ “ಊಂ, ಊಂ” ಎಂದು ಒದ್ದಾಡಿದರು. ಮಾಸ್ತರು ತಲೆ ಹಿಡಿದರು, ಕರಿಬಸವ ಕಡ್ಡಿ ಹಿಡಿದು ಜಗ್ಗಿದ. ಎರಡು ಪೂರಾ ನಿಮಿಷದ ಮೇಲೆ ಕಡ್ಡಿ, ಹಲ್ಲು ಎರಡೂ ಒಟ್ಟಿಗೆ ಹೊರಬಂದವು.

“ಅಯ್ಯ ಶಿವನ, ಅದು ಮೆಣಸಿನಕಾಯಿ ಅಲ್ಲೇನು?” ಮಾಸ್ತರು ಬಾಯಿ ತೆರೆದರು. “ಕೆಳಗ ಬಿದ್ದಿತ್ತು. ಕೊಟ್ರಮ್ಮಂದು ಅಂತ ನಾನೇ ಆಕಿ ಡಬ್ಬಿಗೆ ಹಾಕಿದ್ನಲ್ಲ!”

ಸಾವ್ಕಾರರು ಹಲ್ಲು ತೊಳೆದು ಹಾಕಿಕೊಂಡರು, ಕಡ್ಡಿ ಒರೆಸಿ ಲ್ಯಾಪ್‌ಟಾಪಿಗೆ ಚುಚ್ಚಿದರು. ಚಾಡಿಕೋರ ಹುಟ್ಟುಗುಣ ಬಿಡಲಿಲ್ಲ.

“ಎರಡು ಗಂಟೆ ತನಕ ನಾಲ್ಕು ಡಿಗ್ರಿ. ಭೇಷ್” ಎಂದು ಓದತೊಡಗಿದರು. “ಎರಡೂಕಾಲಿಗೆ ಹದಿನೆಂಟು. ಮೂರಕ್ಕ ನಲವತ್ತೊಂದು. ಮೂರೂವರಿಗೆ... ನೂರಾ ಎಪ್ಪತ್ತು? ಏನಲೇ ಇದು, ಇನ್ಸುಲಿನ್ ಕರದೀಯೇನು?” ಅವರ ಬೆರಳು ಕೊನೆಯ ಸಾಲಿಗೆ ಬಂತು. “ಆಮ್ಯಾಲ ಎರಡು ನಿಮಿಷ ಮೂವತ್ತೇಳು. ಇದು ಎಲ್ಲೀದು?”

ಕರಿಬಸವ ತಲೆ ಕೆರೆದುಕೊಂಡ. “ಅದು ನಿಮ್ಮ ಬಾಯಿರಿ ಸರ್. ಜ್ವರ ಇಲ್ಲ, ನಾರ್ಮಲ್ ಐತಿ.”

ಸಾವ್ಕಾರರ ಸಿಟ್ಟು ನೆತ್ತಿಗೇರಿತು. “ಬಾಯಿ ಮುಚ್ಚಲೇ! ಆ ಔಷಧ ಒಂದೂ ಮಂದಿಗೆ ಹೋಗಬಾರದು, ಎಲ್ಲ ವಾಪಸ್ ಕಳಿಸು. ನಿನ್ನ ಇಲ್ಲಿ ಒಬ್ಬನ್ನೇ ಬಿಟ್ಟಿದ್ದ ನನ್ನ ತಪ್ಪು. ನಾಳೆಯಿಂದ ಸಿರುಗುಪ್ಪದಾಗ ನೀ ಇರಂಗಿಲ್ಲ. ಬಳ್ಳಾರಿಗೆ ಬಂದು, ನನ್ನ ಟೇಬಲ್ ಮುಂದ, ನನ್ನ ಕಣ್ಣಾಗ ಕಣ್ಣಿಟ್ಟು ಕೆಲಸ ಮಾಡಬೇಕು. ಇದ ನಿನಗ ಶಿಕ್ಷಾ!”

ಕರಿಬಸವನಿಗೆ ತನ್ನ ಕಿವಿಯ ಮೇಲೆ ನಂಬಿಕೆ ಬರಲಿಲ್ಲ. ಬಳ್ಳಾರಿ! ನಾಳೆಯಿಂದ! ತಾವೇ ಅದನ್ನು ಬಹುಮಾನವೆಂದು ಮಾತು ಕೊಟ್ಟದ್ದು ಸಿಟ್ಟಿನ ಭರದಲ್ಲಿ ಸಾವ್ಕಾರರಿಗೆ ಮರೆತೇ ಹೋಗಿತ್ತು. ಉಕ್ಕಿ ಬಂದ ನಗೆ ಸಾವ್ಕಾರರಿಗೆ ಕಂಡರೆ ಕೆಲಸವೇ ಹೋದೀತೆಂದು ತಲೆ ತಗ್ಗಿಸಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಭುಜ ಮಾತ್ರ ಗದಗದ ನಡುಗಿತು.

“ಅಯ್ಯೋ ಪಾಪ, ಅಳಾಕ ಹತ್ಯಾನ!” ಕೊಟ್ರಮ್ಮ ಜಾಲರಿ ಸೌಟು ಹಿಡಿದೇ ಓಡಿ ಬಂದಳು. “ಸಾವ್ಕಾರ್ರ, ತಪ್ಪು ನಮ್ಮದು. ಆ ಹುಡುಗನ್ನ ಊರು ಬಿಡಿಸಬ್ಯಾಡ್ರಿ.”

“ದೇವರಂಥಾ ಮನುಷ್ಯ ರೀ” ಎಂದು ಜಡೆಮ್ಮ ಮೂಗು ಸೀಟಿದಳು.

ಮಾಸ್ತರು ಸಾವ್ಕಾರರ ಎರಡೂ ಕೈ ಹಿಡಿದುಕೊಂಡರು. “ನಾನು ಓದಿ ಅರ್ಥ ಹೇಳಿದ್ದಕ್ಕ ಇಷ್ಟೆಲ್ಲ ಆತು. ಮೂರು ವರ್ಷದಿಂದ ಈ ಓಣಿ ಮಗ ಆಗ್ಯಾನ. ಟ್ರಾನ್ಸ್‌ಫರ್ ಮಾತ್ರ ಮಾಡಬ್ಯಾಡ್ರಿ.”

ಕರಿಬಸವ ಗಾಬರಿಯಿಂದ ಮುಖ ಎತ್ತಿದ. “ಇಲ್ರಿ ಸರ್! ತಪ್ಪು ನಂದ. ನನಗ ಶಿಕ್ಷಾ ಆಗ್ಲೇಬೇಕು! ಬಳ್ಳಾರಿಗೆ ಹಾಕ್ರಿ!”

“ನೋಡಿದ್ರೇನ್ರಿ?” ಮಾಸ್ತರ ಕಣ್ಣಲ್ಲಿ ನೀರೇ ಬಂತು. “ಮಂದಿ ತಪ್ಪು ತನ್ನ ತಲಿ ಮ್ಯಾಲ ಹಾಕ್ಕೊಳ್ಳಾಕ ಹತ್ಯಾನ. ಇಂಥಾವ್ರು ಈಗ ಎಲ್ಲಿ ಸಿಗ್ತಾರ?”

ಸಾವ್ಕಾರರೂ ಕರಗಿ ಲ್ಯಾಪ್‌ಟಾಪ್ ಮುಚ್ಚಿದರು. ಕರಿಬಸವನ ಬೆನ್ನು ತಟ್ಟಿದರು. “ಆತು ಬಿಡಪ್ಪ. ನಿನ್ನ ಟ್ರಾನ್ಸ್‌ಫರ್ ಕ್ಯಾನ್ಸಲ್. ಇಷ್ಟು ಮಂದಿ ಪ್ರೀತಿ ಬಿಡಿಸಿ ನಾ ಯಾಕ ಪಾಪ ಕಟ್ಕೊಳ್ಳಲಿ? ಇಲ್ಲೇ ಇರು. ಕಾಯಂ.”

ಓಣಿ ಚಪ್ಪಾಳೆ ತಟ್ಟಿತು. ಸಾವ್ಕಾರರಿಗೆ ಪುಣ್ಯದ ಹುಮ್ಮಸ್ಸು ಇನ್ನೂ ಇಳಿದಿರಲಿಲ್ಲ. “ಔಷಧದ ಫ್ರಿಜ್ಜಿಗೆ ಮಾತ್ರ ಯಾರೂ ಕೈ ಹಚ್ಚಬಾರದು. ನಮ್ಮ ಮನ್ಯಾಗ ಒಂದು ಹಳೇ ಫ್ರಿಜ್ ಐತಿ, ನಾಳೆ ಕಳಸ್ತೀನಿ. ಮೊಸರು, ಹೂವು ಅದರಾಗ ಇಟ್ಕೋರಿ. ಕರಿಬಸವ ನೋಡ್ಕೋತಾನ. ಟೈಮ್ ಏನಿಡೋಣ?”

“ಮಂದಿಗೆ ಆಗಲೇ ರೂಢಿ ಆಗೈತ್ರಿ” ಎಂದರು ಮಾಸ್ತರು. “ಎರಡರಿಂದ ಎಂಟು!”

“ಸರ್, ನನಗ ಆರರ ಬಸ್ಸು...” ಕರಿಬಸವನ ಮಾತು ಚಪ್ಪಾಳೆಯಲ್ಲಿ ಮುಳುಗಿಹೋಯಿತು.

“ಎಂಟೂವರಿಗೊಂದು ಐತಲ್ಲಪ್ಪ, ಆರಾಮ ಹೋಗು” ಎಂದು ಸಾವ್ಕಾರರು ತಮ್ಮ ಜೇಬಿನಿಂದ ಹೊಸ ಮಾರ್ಕರ್ ಪೆನ್ನು ತೆಗೆದುಕೊಟ್ಟರು. “ಈ ಸಲ ಪೂರಾ ಬರಿ, ಮಂದಿಗೆ ತಿಳಿಯಂಗ.”

ಕರಿಬಸವ ಹೊಸ ಹಾಳೆಯ ಮೇಲೆ ‘2 ರಿಂದ 8’ ಎಂದು ಬರೆದ. ಶಾಯಿ ಬೇಕಾದಷ್ಟಿತ್ತು. ‘ಗಂಟೆ’ ಎಂದು ದಪ್ಪಗೆ ಸೇರಿಸಿದ.

ಅಷ್ಟರಲ್ಲಿ ಅಂಜನಾಳ ಫೋನು ಬಂತು. “ಏನಾತ್ರಿ? ಸಾವ್ಕಾರ್ರು ಏನಂದ್ರು?” ಎಂದು ಅವಳು ಕೇಳುತ್ತಿದ್ದಂತೆ ಫೋನು ಕೂಸಿನ ಕೈಗೆ ಹೋಯಿತು.

“ಟಾಟಾ?” ಎಂದಿತು ಆ ಕಡೆಯಿಂದ.

“ಹೂಂನವ್ವ” ಎಂದ ಕರಿಬಸವ, “ಟಾಟಾನ.”