ಬೆಕ್ಕಿನ ಟ್ರೇಯೂ ಮನೆಮಂದಿಯ ಹೊಟ್ಟೆಕಿಚ್ಚೂ

ಒಂದೇ ಸೂರಿನಡಿ ನಾಯಿಯನ್ನೂ ಬೆಕ್ಕನ್ನೂ ಸಾಕಿದವರಿಗೆ ಸದ್ದಿಲ್ಲದೆ ಕಳೆದುಹೋಗುವ ದಿನವೆಂಬುದು ಇರುವುದಿಲ್ಲ; ಬೆಕ್ಕು ಹೆಂಡತಿಯ ತವರಿನದಾಗಿ ನಾಯಿ ಗಂಡನದಾಗಿದ್ದರಂತೂ ಕೇಳುವುದೇ ಬೇಡ.

ನನ್ನ ತವರು ಮಡಕಶಿರಾದ ಕಡೆ, ರೊಳ್ಳದ ಹತ್ತಿರದ ಹಳ್ಳಿ. ಕನ್ನಡ ಎಂ.ಎ. ಮುಗಿಸಿ, ಮದುವೆಯಾಗಿ ರಾಯದುರ್ಗಕ್ಕೆ ಬಂದಾಗ ನನ್ನೊಡನೆ ಬಂದದ್ದು ಪುಸ್ತಕಗಳ ಒಂದು ಪೆಟ್ಟಿಗೆ ಮತ್ತು ಒಂದು ಬೂದು ಬೆಕ್ಕು. ಇಲ್ಲಿ ಅದಾಗಲೇ ಒಂದು ನಾಯಿಯಿತ್ತು: ಮೊಣಕಾಲಿಗೂ ಎಟುಕದ, ಕಂದು ಬಣ್ಣದ, ತನ್ನ ಗಾತ್ರದ ಅರಿವೇ ಇಲ್ಲದ ನಾಯಿ. ಕೆಳಗೆ ನನ್ನ ಯಜಮಾನರು ನಡೆಸುವ ಜೀನ್ಸ್ ಹೊಲಿಯುವ ಘಟಕ, ಮೇಲೆ ನಮ್ಮ ವಾಸ. ಮಹಡಿಯ ಮೇಲೆ ಬೆಕ್ಕಿಗೆ ಕೆದಕಲು ಮಣ್ಣೆಲ್ಲಿ ಸಿಗಬೇಕು? ಒಂದು ಪ್ಲಾಸ್ಟಿಕ್ ಟ್ರೇಗೆ ಮರಳು ತುಂಬಿ ಬಚ್ಚಲಿನ ಪಕ್ಕದಲ್ಲಿಟ್ಟೆ. ಬೆಕ್ಕು ತನ್ನ ಕೆಲಸ ಮುಗಿಸಿ, ಮರಳೆಳೆದು ಮುಚ್ಚಿ, ಏನೂ ನಡೆದೇ ಇಲ್ಲವೆಂಬಂತೆ ಹೊರಬರುತ್ತಿತ್ತು. ತವರಿನ ಈ ಸಭ್ಯತೆಯನ್ನು ಅತ್ತೆಯವರು ಗಮನಿಸಲಿ ಎಂಬ ಆಸೆ ನನಗಿತ್ತು. ಗಮನಿಸಿದ್ದು ನಾಯಿ.

ಊಟದ ವಿಚಾರಣೆ

ನನ್ನ ಯಜಮಾನರಿಗೆ ಒಂದು ಅಭ್ಯಾಸ. ಸಂಜೆ ಮೆಟ್ಟಿಲು ಹತ್ತಿ ಬಂದವರು ಚಪ್ಪಲಿ ಬಿಡುವ ಮೊದಲೇ ನಾಯಿಯನ್ನೆತ್ತಿಕೊಂಡು, ‘ಊಟ ಆತೇನಲೇ?’ ಎಂದು ವಿಚಾರಿಸುವರು. ನಾನು ಅಲ್ಲಿಯೇ ನಿಂತಿರುತ್ತಿದ್ದೆ. ಶಾಲೆಯಲ್ಲಿ ದಿನವಿಡೀ ಪಾಠ ಹೇಳಿ ಬಂದ ನನ್ನ ಊಟದ ಬಗ್ಗೆ ಆ ಮನೆಯಲ್ಲಿ ಯಾರಿಗೂ ಸಂದೇಹ ಹುಟ್ಟುತ್ತಿರಲಿಲ್ಲ. ನಾಯಿಯೊಂದರ ಮೇಲೆ ಹೊಟ್ಟೆಕಿಚ್ಚುಪಡುವುದು ವಿದ್ಯಾವಂತರಿಗೆ ತಕ್ಕುದಲ್ಲವೆಂದು ನನಗೆ ನಾನೇ ಬುದ್ಧಿ ಹೇಳಿಕೊಳ್ಳುತ್ತಿದ್ದೆ. ಬುದ್ಧಿಗೆ ಒಪ್ಪಿಗೆಯಾಗುತ್ತಿತ್ತು, ಹೊಟ್ಟೆಗೆ ಆಗುತ್ತಿರಲಿಲ್ಲ.

ಒಂದು ಸಂಜೆ ಬಚ್ಚಲಿನ ಕಡೆ ಮರಳು ಚೆಲ್ಲಿದ ಸದ್ದಾಯಿತು. ಹೋಗಿ ನೋಡಿದರೆ, ಬೆಕ್ಕು ಅಷ್ಟು ಶ್ರದ್ಧೆಯಿಂದ ಮುಚ್ಚಿಟ್ಟದ್ದನ್ನು ನಾಯಿ ಅದಕ್ಕಿಂತ ಹೆಚ್ಚು ಶ್ರದ್ಧೆಯಿಂದ ತೋಡಿ ತೆಗೆದು, ತೆಗೆದದ್ದನ್ನು ವ್ಯರ್ಥವಾಗಲು ಬಿಡದೆ ಬಾಯಿ ಚಪ್ಪರಿಸುತ್ತಿತ್ತು. ನಾನು ಬಾಯಿ ಬಿಡುವಷ್ಟರಲ್ಲಿ ಅದು ಬಾಗಿಲಿಗೆ ಓಡಿತು. ಯಜಮಾನರು ಬಂದಿದ್ದರು. ಎತ್ತಿಕೊಂಡರು. ಅದು ಅವರ ಕೆನ್ನೆ, ಮೂಗು, ಮೀಸೆಗಳನ್ನು ಒಂದೊಂದಾಗಿ ನೆಕ್ಕಿತು.

‘ಊಟ ಆತೇನಲೇ?’

‘ಈಗ ತಾನೇ ಆಯಿತು’ ಎಂದು ನಾನು ಅದರ ಪರವಾಗಿ ಉತ್ತರಿಸಿದೆ.

ಸಮಾನತೆಯ ಪ್ರಯೋಗ

ಟ್ರೇಯನ್ನು ಹಳೆಯ ಹೊಲಿಗೆ ಯಂತ್ರದ ಮೇಲಿಟ್ಟೆವು. ನಾಯಿ ಜೀನ್ಸ್ ಗಂಟುಗಳನ್ನು ಮೆಟ್ಟಿಲು ಮಾಡಿಕೊಂಡು ಹತ್ತಿತು. ಮೇಲೊಂದು ಬುಟ್ಟಿ ಬೋರಲು ಹಾಕಿದೆವು. ಬೆಕ್ಕಿಗೆ ಒಳಹೋಗಲು ದಾರಿಯಿಲ್ಲದೆ ಅದು ಅತ್ತೆಯವರ ಹೂಕುಂಡವನ್ನು ಆರಿಸಿಕೊಂಡಿತು. ಬುಟ್ಟಿಯನ್ನು ಅತ್ತೆಯವರೇ ತೆಗೆದರು.

ಆಗ ನಾನು ಯೋಚಿಸಿದೆ. ಒಂದು ಜೀವಕ್ಕೆ ಸೌಕರ್ಯ ಕಲ್ಪಿಸಿ ಇನ್ನೊಂದನ್ನು ವಂಚಿಸಿದರೆ ಅಸೂಯೆ ಹುಟ್ಟುವುದು ಸಹಜ. ಅಸೂಯೆಗೆ ಮದ್ದು ಶಿಕ್ಷೆಯಲ್ಲ, ಸಮಾನತೆ. ನಾಯಿಗೂ ಅದೇ ಅಂಗಡಿಯಿಂದ ಅದೇ ಬಣ್ಣದ ಟ್ರೇ ತಂದು, ಅದೇ ಮರಳು ತುಂಬಿ ಪಕ್ಕದಲ್ಲಿಟ್ಟೆ. ನಾಯಿ ಮೂಸಿ ನೋಡಿತು, ಮೂರು ಸುತ್ತು ಹಾಕಿ ತನ್ನ ಟ್ರೇಯಲ್ಲಿ ಮಲಗಿ ಸೊಗಸಾಗಿ ನಿದ್ದೆ ಮಾಡಿತು. ಎದ್ದು ಮೈಮುರಿದು ಬೆಕ್ಕಿನ ಟ್ರೇಗೆ ಊಟಕ್ಕೆ ಹೋಯಿತು.

ಅತ್ತೆಯವರು ಅವರೆಕಾಯಿ ಸುಲಿಯುತ್ತ ಇದೆಲ್ಲವನ್ನೂ ನೋಡುತ್ತಿದ್ದರು. ‘ಅದಕ್ಕ ಮರಳು ಬೇಕಾಗಿಲ್ಲವ್ವಾ, ಬೆಕ್ಕಿಂದು ಬೇಕಾಗೇತಿ’ ಎಂದರು.

ಒಂದೇ ಬಗೆಯದನ್ನು ಕೊಟ್ಟ ಮೇಲೂ ಇನ್ನೊಬ್ಬರದರ ಮೇಲೇಕೆ ಕಣ್ಣು ಎಂದು ನಾನು ನಿಜವಾದ ಕುತೂಹಲದಿಂದ ಕೇಳಿದೆ.

ಅತ್ತೆಯವರು ತಲೆಯೆತ್ತಲಿಲ್ಲ. ‘ಹಬ್ಬಕ್ಕ ನಿನಗೊಂದು, ನಿನ್ನ ನಾದಿನಿಗೊಂದು ಒಂದೇ ನಮೂನಿ ಸೀರಿ ತಂದಿದ್ದೆ. ಆಕಿ ಉಟ್ಟ ಮ್ಯಾಲ, ಆಕಿ ಸೀರಿನೇ ಚಲೋ ಐತಿ ಅಂದಾಕಿ ಯಾರು?’

ಎರಡನೆಯ ಟ್ರೇಯನ್ನು ಅಂದೇ ತೆಗೆದಿಟ್ಟೆ.

ಇನ್ನೊಮ್ಮೆ ತೊಳ್ಕೊಳ್ರಿ

ಕಣೇಕಲ್ಲಿನಿಂದ ನಾದಿನಿಯ ಅತ್ತೆ ಬಂದಿದ್ದರು. ಬಹಳ ಮಡಿಯ ಹೆಂಗಸು. ಬೇರೆಯವರ ಲೋಟ ಮುಟ್ಟುವವರಲ್ಲ. ಆದರೆ ನಾಯಿಗಳೆಂದರೆ ಪ್ರಾಣ. ಅವರು ಕೈಕಾಲು ಮುಖ ತೊಳೆದು ಕುಳಿತ ಹೊತ್ತಿಗೆ ಸರಿಯಾಗಿ ಬಚ್ಚಲಿನ ಕಡೆಯಿಂದ ನಾಯಿ ಬಂದಿತು, ಮೂಗಿನ ತುದಿಯಲ್ಲಿ ಮರಳಿನ ಕಣಗಳನ್ನು ಹೊತ್ತು.

‘ಅಯ್ಯ, ಮೂಗಿಗೆ ಸಕ್ಕರಿ ಮೆತ್ಕೊಂಡೈತಿ ನೋಡ್ರಿ’ ಎಂದು ಅವರು ಅದನ್ನೆತ್ತಿ, ಸೆರಗಿನಿಂದ ಮೂಗನ್ನೊರೆಸಿ, ಮುದ್ದಿಟ್ಟರು. ನಾಯಿಯೂ ಮುದ್ದನ್ನು ಧಾರಾಳವಾಗಿ ಹಿಂತಿರುಗಿಸಿತು.

ಅತ್ತೆಯವರು ನನ್ನನ್ನು ನೋಡಿದರು. ನಾನು ಗೋಡೆಯನ್ನು ನೋಡಿದೆ.

‘ಬಿಸಿಲಾಗ ಬಂದೀರಿ, ಮಾರಿ ತೊಳ್ಕೊಳ್ರಿ’ ಎಂದರು ಅತ್ತೆಯವರು ಮೆಲ್ಲಗೆ.

‘ಈಗಿನ್ನ ತೊಳ್ಕೊಂಡು ಬಂದ್ನಲ್ರಿ.’

‘ಇನ್ನೊಮ್ಮೆ ತೊಳ್ಕೊಳ್ರಿ.’

ಆ ಬೀಗಿತ್ತಿ ಇಂದಿಗೂ ಊರಲ್ಲೆಲ್ಲ ಹೇಳುತ್ತಾರಂತೆ, ಮಡಿಯೆಂದರೆ ರಾಯದುರ್ಗದವರದು.

ಪಾಪ, ಮೂಕಪ್ರಾಣಿ

ಅವರನ್ನು ಬಸ್ಸು ಹತ್ತಿಸಿ ಬಂದ ಮೇಲೆ ಅತ್ತೆಯವರು ತೀರ್ಪು ಕೊಟ್ಟರು. ನಾಯಿ ಇನ್ನೊಂದು ಸಲ ಆ ಮರಳಿನಲ್ಲಿ ಬಾಯಿ ಹಾಕಿದರೆ ಬೆಕ್ಕು ರೊಳ್ಳಕ್ಕೆ ವಾಪಸು.

ತಪ್ಪು ನಾಯಿಯದು, ಗಡೀಪಾರು ಬೆಕ್ಕಿಗೇಕೆ ಎಂದು ವಾದಿಸಿದೆ. ‘ನಾಯಿ ತಿಂತೈತಿ, ಅದು ಅದರ ಗುಣ. ಆದ್ರ ಬಡಿಸೋರು ಯಾರು?’ ಎಂದರು ಅತ್ತೆಯವರು.

ಯಜಮಾನರತ್ತ ತಿರುಗಿದೆ. ಅವರು ನೆಲ ನೋಡುತ್ತ, ‘ಪಾಪ, ಮೂಕಪ್ರಾಣಿ. ಇರ್ಲಿ ಬಿಡವ್ವಾ’ ಎಂದರು. ಇಂಥ ಹೊತ್ತಿನಲ್ಲಿಯೂ ನಾಯಿಯ ಮೇಲೆಯೇ ಕನಿಕರ. ಅಂದು ರಾತ್ರಿ ಅವರ ತಟ್ಟೆಗೆ ತುಪ್ಪ ಹಾಕಲಿಲ್ಲ.

ಮರುದಿನ ಟ್ರೇಯನ್ನು ಹಿಂದಿನ ಕೋಣೆಗೆ ಸಾಗಿಸಿ, ನಾನು ಶಾಲೆಗೆ ಹೋಗುವಾಗ ಬೆಕ್ಕನ್ನೂ ಅಲ್ಲಿಯೇ ಬಿಟ್ಟು ಹೊರಗಿನಿಂದ ಚಿಲಕ ಹಾಕತೊಡಗಿದೆ. ಚಿಲಕ ನನ್ನ ಭುಜದ ಎತ್ತರಕ್ಕಿತ್ತು. ಆದರೂ ಕೆಲವು ದಿನ ಹಿಂತಿರುಗಿದಾಗ ಬಾಗಿಲು ತೆರೆದಿರುತ್ತಿತ್ತು, ಮರಳು ಚೆಲ್ಲಿರುತ್ತಿತ್ತು. ಅತ್ತೆಯವರು ಮಧ್ಯಾಹ್ನದ ನಿದ್ದೆಯಿಂದೇಳುವ ಮೊದಲೇ ನಾನು ಗುಡಿಸಿಬಿಡುತ್ತಿದ್ದೆ. ನಾಯಿ ಚಿಲಕ ತೆಗೆಯಲು ಕಲಿತಿರಬೇಕೆಂದು ನಂಬಿದ್ದೆ. ನಿಜ ಹೇಳಬೇಕೆಂದರೆ, ಅದರ ಜಾಣತನದ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು.

ಹುಳದ ಮನೆಯ ಸುಣ್ಣ

ಅಷ್ಟರಲ್ಲಿ ನನ್ನ ಅಪ್ಪ ನೋಡಿಕೊಂಡು ಹೋಗಲು ಬಂದರು. ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುವವರು. ನಾಯಿಯ ಕಥೆ ಕೇಳಿ ಅವರು ನಗಲಿಲ್ಲ; ಇದು ರೋಗದ ಮೂಲ ಎಂದರು.

‘ನೋಡವ್ವ, ನಮ್ ಹುಳದ ಮನೆ ಬಾಗ್ಲಲ್ಲಿ ಸುಣ್ಣ ಹಾಕಿರ್ತೀವಿ. ಅದನ್ನ ತುಳೀದೆ ಒಳೀಕೆ ನಾನೂ ಹೋಗಂಗಿಲ್ಲ, ನಿಮ್ಮವ್ವನೂ ಹೋಗಂಗಿಲ್ಲ. ಇಲ್ಲೂ ಹಾಕು.’

ಶನಿವಾರ ಬೆಳಿಗ್ಗೆ ನಾನು ಶಾಲೆಗೆ ಹೊರಟ ಮೇಲೆ ಅಪ್ಪ ತಾವೇ ಆ ಕೋಣೆಯ ಹೊಸ್ತಿಲಿನ ಮುಂದೆ ಸುಣ್ಣದ ಪುಡಿ ಉದುರಿಸಿ, ಅತ್ತೆಯವರೊಡನೆ ಸಂತೆಗೆ ಹೋದರು. ಅರ್ಧ ದಿನದ ಶಾಲೆ ಮುಗಿಸಿ ನಾನು ಬರುವಾಗ ಅವರಿಬ್ಬರೂ ಮೆಟ್ಟಿಲ ಬಳಿ ಸಿಕ್ಕರು. ಒಟ್ಟಿಗೆ ಮೇಲೆ ಬಂದೆವು.

ಕೆಂಪು ನೆಲದ ತುಂಬ ಬಿಳಿಯ ಹೆಜ್ಜೆಗಳು. ನಾಯಿಯ ಪುಟ್ಟ ಪಾದಗಳು ಕೋಣೆಯೊಳಕ್ಕೆ ಹೋಗಿದ್ದವು. ಅವುಗಳ ಪಕ್ಕದಲ್ಲಿ, ಕೋಣೆಯಿಂದ ಹೊರಟು ತಾರಸಿಯ ಮೆಟ್ಟಿಲಿನತ್ತ ಸಾಗಿದ್ದವು ಒಬ್ಬ ವಯಸ್ಕ ಮನುಷ್ಯನ ಬರಿಗಾಲುಗಳು.

ಅತ್ತೆಯವರು ಸಂತೆಯ ಚೀಲ ಇಳಿಸಿ ಬಗ್ಗಿ ನೋಡಿದರು. ‘ಎಡಗಾಲ ಕಿರುಬೆರಳು ನೆಲಕ್ಕ ಹತ್ತಿಲ್ಲ. ಹುಟ್ಟಿದಾಗಿಂದ ಹಂಗೇ. ನನ್ನ ಮಗಾ.’

ನಾಯಿಗೆ ಬಾಗಿಲು ತೆಗೆದುಕೊಟ್ಟು ಬೆಕ್ಕನ್ನು ಓಡಿಸುವ ಸಂಚು ಗಂಡನದೇ! ಕಣ್ಣು ತುಂಬಿಕೊಂಡೇ ನಾನು ಮೆಟ್ಟಿಲು ಹತ್ತಿದೆ; ಹಿಂದೆ ಅತ್ತೆ, ಅವರ ಹಿಂದೆ ಅಪ್ಪ.

ನೀರಿನ ಟ್ಯಾಂಕಿನ ನೆರಳಿನಲ್ಲಿ ಯಜಮಾನರು ಕಾಲು ಚಾಚಿ ಕುಳಿತಿದ್ದರು. ಮಡಿಲಲ್ಲಿ ನನ್ನ ಬೆಕ್ಕು. ಅದು ಹೊಟ್ಟೆ ಮೇಲೆ ಮಾಡಿ ಮಲಗಿತ್ತು. ನನ್ನೆದುರು ಅದು ಒಮ್ಮೆಯೂ ಹಾಗೆ ಮಲಗಿದ್ದಿಲ್ಲ. ಅದರ ಗುರುಗುಟ್ಟುವಿಕೆ ಮೆಟ್ಟಿಲಿನವರೆಗೂ ಕೇಳುತ್ತಿತ್ತು. ನನ್ನ ಮಡಿಲಲ್ಲಿ ಅಷ್ಟು ದನಿ ಎಂದೂ ಬಂದಿರಲಿಲ್ಲ. ಯಜಮಾನರು ನನ್ನ ಬಾಚಣಿಗೆಯಿಂದ ಅದರ ಬೆನ್ನು ಬಾಚುತ್ತ, ಪಿಸುದನಿಯಲ್ಲಿ ಕೇಳುತ್ತಿದ್ದರು: ‘ಊಟ ಆತೇನವ್ವಾ?’

ನಮ್ಮನ್ನು ಕಂಡು ಬಾಚಣಿಗೆ ಕೈಜಾರಿತು. ನನ್ನ ಶಾಲೆಯ ಹೊತ್ತಿನಲ್ಲಿ ಹೀಗೆ ನಡೆಯುತ್ತಿತ್ತಂತೆ. ಚಿಲಕ ಮತ್ತೆ ಹಾಕಲು ಮರೆಯುತ್ತಿದ್ದರಂತೆ. ಎಲ್ಲರೆದುರು ಏಕೆ ಎತ್ತಿಕೊಳ್ಳಲಿಲ್ಲವೆಂದು ಕೇಳಿದರೆ, ‘ನಾಯಿ ನೋಡಿದ್ರ ಬ್ಯಾಸರ ಮಾಡ್ಕೊಂತೈತಿ’ ಎಂದರು. ಅಂದು ಕನಿಕರಿಸಿದ ಮೂಕಪ್ರಾಣಿ ಯಾವುದೆಂದು ಆಗ ತಿಳಿಯಿತು. ತುಪ್ಪವಿಲ್ಲದ ಆ ಊಟವನ್ನು ನೆನೆದು ಮರುಗಬೇಕೆನಿಸಿತು. ಆದರೆ ಬೆಕ್ಕು ಇನ್ನೂ ಅವರ ಮಡಿಲಲ್ಲಿಯೇ ಇತ್ತು. ನಾನು ಕರೆದೆ, ಅದು ಕಿವಿಯನ್ನಷ್ಟೇ ತಿರುಗಿಸಿತು.

‘ಸುಣ್ಣ ರೋಗ ತಡೀತದೆ ಅಂದ್ಕಂಡಿದ್ದೆ’ ಎಂದರು ಅಪ್ಪ. ‘ಅಳಿಯಂದಿರನ್ನೂ ಹಿಡೀತದೆ.’

ಅತ್ತೆಯವರು ಹೊಸ ತೀರ್ಪು ಕೊಟ್ಟರು: ‘ಬೆಕ್ಕು ಇಲ್ಲೇ ಇರ್ಲಿ. ಬೀಗರ ಜೋಡಿ ನೀವಿಬ್ರೂ ರೊಳ್ಳಕ್ಕ ಹೋಗ್ರಿ. ಇವೆರಡನ್ನ ಸಂಭಾಳಿಸಬಹುದು.’

ಯಜಮಾನರು ನನ್ನ ಮುಖ ನೋಡಿದರು. ಮದುವೆಯಾದ ಮೇಲೆ ಮೊದಲ ಬಾರಿಗೆ ಕೇಳಿದರು: ‘ನಿನ್ನ ಊಟ ಆತೇನು?’

‘ಇಲ್ಲ’ ಎಂದೆ. ‘ಯಾರದೂ ಆಗಿಲ್ಲ.’

ಆಗ ಮೆಟ್ಟಿಲ ಮೇಲೆ ಪುಟ್ಟ ಕಾಲುಗಳ ಸದ್ದಾಯಿತು. ಕೆಳಗೆ ಕೋಣೆಯ ಬಾಗಿಲನ್ನು ಯಾರೂ ಮುಚ್ಚಿರಲಿಲ್ಲ. ಮೂಗಿನ ತುಂಬ ಮರಳು ಮೆತ್ತಿಕೊಂಡು, ಬಾಯಿ ಚಪ್ಪರಿಸುತ್ತ ಬಂದು ನಿಂತಿತು, ಆ ಮನೆಯಲ್ಲಿ ಅಂದು ಊಟ ಮುಗಿಸಿದ್ದ ಒಂದೇ ಜೀವ.